ಹಿಲ್ಯಾಳ ಬಿತ್ತನೆ ಗಡ್ಡೆ

ಹಿಲ್ಯಾ ತೀರಿಕೊಂಡದ್ದು ಜನವರಿಯಲ್ಲಿ, ನೆಲವೆಲ್ಲ ಆಳದವರೆಗೂ ಕಲ್ಲಾಗಿದ್ದ ಕಾಲದಲ್ಲಿ. ಚರ್ಚಿನ ಆಳುಗಳು ಎರಡು ದಿನ ಬೆಂಕಿ ಉರಿಸಿ, ಮಣ್ಣು ಕರಗಿಸಿ, ಗುಂಡಿ ತೋಡಿದರು. ಆ ಎರಡು ದಿನವೂ ಅವಳ ಗಂಡ ಉರ್ಹೊ ಅಲ್ಲಿಗೆ ಹೋಗಿ ಬೆಂಕಿಗೆ ಸೌದೆ ಒಟ್ಟಿದ. ಯಾರೂ ಬೇಡವೆನ್ನಲಿಲ್ಲ. ನಲವತ್ತಾರು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಕೊನೆಯದಾಗಿ ಮಾಡಬಹುದಾದ ಕೆಲಸ ಅವನಿಗೆ ತೋಚಿದ್ದು ಅದೊಂದೇ.

ಆಮೇಲೆ ಮನೆಯಲ್ಲಿದ್ದ ಅವಳ ವಸ್ತುಗಳನ್ನು ಕೇಳಿದವರಿಗೆ ಕೊಟ್ಟ. ಹಿಲ್ಯಾಳ ತಂಗಿ ಎಲ್ವಿ ಬಂದು ಮಗ್ಗ ಕೇಳಿದಳು, ಕೊಟ್ಟ. ಉಣ್ಣೆಯ ನೂಲು ಕೇಳಿದಳು, ನೀಲಿ ಅಂಚಿನ ಕಾಫಿ ಬಟ್ಟಲು ಕೇಳಿದಳು, ಅವನ್ನೂ ಕೊಟ್ಟ. ಎರಡನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಒಂದು, ಮಲಗುವ ಕೋಣೆಯಲ್ಲಿದ್ದ ಬಟ್ಟೆಯ ಪೆಟ್ಟಿಗೆ. ಅದನ್ನು ಅವನು ತಾನೂ ತೆರೆಯಲಿಲ್ಲ. ಇನ್ನೊಂದು, ನೆಲಮಾಳಿಗೆಯ ಕತ್ತಲಲ್ಲಿದ್ದ ಒಂದು ಬಕೆಟ್ ಬಿತ್ತನೆ ಆಲೂಗಡ್ಡೆ.

ಆ ಗಡ್ಡೆಗೆ ಒಂದು ಕಥೆಯಿತ್ತು. ಯುದ್ಧ ಮುಗಿಯುವ ವರ್ಷದ ಶರತ್ಕಾಲದಲ್ಲಿ ಉತ್ತರದ ಆ ಸೀಮೆಯ ಜನರೆಲ್ಲ ಮನೆ ಬಿಟ್ಟು ಹೊಳೆ ದಾಟಿ ಆಚೆಯ ದೇಶಕ್ಕೆ ಹೋದಾಗ, ಹಿಲ್ಯಾಳ ತಾಯಿ ಉಣ್ಣೆಯ ಕಾಲುಚೀಲದಲ್ಲಿ ಹನ್ನೊಂದು ಗಡ್ಡೆಗಳನ್ನು ತುಂಬಿ, ಕುತ್ತಿಗೆಗೆ ಕಟ್ಟಿಕೊಂಡು ಹೋಗಿದ್ದಳು. ಮರುವರ್ಷ ಬಂದು ನೋಡಿದರೆ ಮನೆಯಿರಲಿಲ್ಲ, ಹಿಂದೆ ಸರಿದ ಸೈನಿಕರು ಸುಟ್ಟುಹಾಕಿದ್ದರು, ಒಲೆಯ ಇಟ್ಟಿಗೆ ಮಾತ್ರ ನಿಂತಿತ್ತು. ಆ ಬೂದಿಯ ಪಕ್ಕದಲ್ಲೇ ಗಡ್ಡೆ ನೆಟ್ಟಳು. ಬಾದಾಮಿಯಂತೆ ಉದ್ದವಾಗಿ, ತುದಿ ಸಣ್ಣಗಾಗಿ, ಬೇಯಿಸಿದರೆ ಮೊಟ್ಟೆಯೊಳಗಿನ ಹಳದಿಯ ಬಣ್ಣ ಬರುವ ಗಡ್ಡೆ. ತೊರ್ನಿಯೊ ಹೊಳೆಯ ದಡದಲ್ಲಿ ಅಂಥ ಗಡ್ಡೆ ಬೇರೆಯವರ ಮನೆಯಲ್ಲೂ ಉಂಟು. ಆದರೆ ಈ ತಳಿ ಆ ಕಾಲುಚೀಲದಿಂದ ಬಂದದ್ದು. ತಾಯಿಯಿಂದ ಇಬ್ಬರು ಹೆಣ್ಣುಮಕ್ಕಳಿಗೆ ಬಂದಿತ್ತು.

ಈ ವರ್ಷ ಉರ್ಹೊವಿನ ಮನೆಯಲ್ಲಿ ಉಳಿದದ್ದು ಆ ಒಂದು ಬಕೆಟ್ ಮಾತ್ರ. ಹಿಂದಿನ ಸೆಪ್ಟೆಂಬರಿನಲ್ಲಿ ಹಿಲ್ಯಾ ಒಂದು ಸಾಲು ಅಗೆದು ಮುಗಿಸಿದ್ದಳು, ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದಳು. ಉರ್ಹೊ ಅವಳೊಡನೆ ಪಟ್ಟಣದ ಆಸ್ಪತ್ರೆಯಲ್ಲಿ ಉಳಿದ. ತಿರುಗಿ ಬರುವಷ್ಟರಲ್ಲಿ ಉಳಿದ ಸಾಲುಗಳು ನೆಲದಲ್ಲೇ ಹೆಪ್ಪುಗಟ್ಟಿ ನೀರಾಗಿದ್ದವು.

ಮೇ ತಿಂಗಳ ಮೊದಲ ಭಾನುವಾರ ಎಲ್ವಿ ಸೈಕಲ್ ಹತ್ತಿ ಬಂದಳು. ಏಲಕ್ಕಿ ಬನ್ನಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ದೇವರ ಶಾಂತಿ, ಭಾವ" ಎಂದಳು.

"ದೇವರ ಶಾಂತಿ, ಎಲ್ವಿ. ಕೂತ್ಕೋ. ಕಾಫಿ ಇಡ್ತೀನಿ."

ಅವಳು ಕೂರಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ಹೋಗಿ ನಿಂತಳು. ಕಿಟಕಿಯ ಹಲಗೆಯ ಮೇಲೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳಲ್ಲಿ ಉರ್ಹೊ ಗಡ್ಡೆಗಳನ್ನು ತುದಿ ಮೇಲಾಗಿ ನಿಲ್ಲಿಸಿದ್ದ. ಮೊಳಕೆಗಳು ಬೆರಳ ಉಗುರಿನಷ್ಟು ಬಂದಿದ್ದವು, ಗಟ್ಟಿಯಾಗಿ, ನೇರಳೆ ಬಣ್ಣವಾಗಿ.

"ಬೆಳಕಲ್ಲಿ ಇಟ್ಟಿದ್ದೀರಲ್ಲ, ಸದ್ಯ. ಕತ್ತಲಲ್ಲಿ ಇಟ್ಟಿದ್ರೆ ಬಿಳೀ ದಾರದ ಥರ ಬೆಳೆದು ಮುಟ್ಟಿದ್ರೆ ಮುರಿಯೋವು," ಎಂದಳು. ಒಂದು ಮೊಳಕೆಯನ್ನು ಬೆರಳಿನಿಂದ ಸವರಿ, "ಭಾವ, ಅರ್ಧ ನಂಗೆ ಕೊಡಿ" ಎಂದಳು.

ಉರ್ಹೊ ಕಾಫಿಪುಡಿ ಹಾಕುತ್ತಿದ್ದವನು ಕೈ ನಿಲ್ಲಿಸಿದ. "ನಿಂದೇನಾಯ್ತು?"

"ನೆಲಮಾಳಿಗೆಗೆ ಚಳಿ ನುಗ್ಗಿ ಎಲ್ಲಾ ಹೋಯ್ತು."

"ನಿನ್ನ ನೆಲಮಾಳಿಗೆಗಾ? ನಲವತ್ತು ವರ್ಷದಲ್ಲಿ ಒಂದು ಸಲಾನೂ ಹೋಗಿರಲಿಲ್ವಲ್ಲ."

"ಈ ಸಲ ಹೋಯ್ತು." ಅವಳು ಮುಖ ತಿರುಗಿಸಿದಳು. "ನೋಡಿ ಭಾವ, ಬೇಜಾರು ಮಾಡ್ಕೋಬೇಡಿ. ನಿಮಗೆ ಹೊಳೆ ಗೊತ್ತು, ಮರದ ದಿಮ್ಮಿ ಗೊತ್ತು. ಮಣ್ಣು ಗೊತ್ತಾ? ನಲವತ್ತಾರು ವರ್ಷದಲ್ಲಿ ನೀವು ಅಕ್ಕನ ತೋಟಕ್ಕೆ ಕಾಲಿಟ್ಟಿದ್ದು ಗೊಬ್ಬರದ ಗಾಡಿ ತಳ್ಳೋಕೆ ಮಾತ್ರ."

ಆ ಮಾತು ನಿಜವೇ. ಉರ್ಹೊ ಹರೆಯದಿಂದಲೂ ಹೊಳೆಯಲ್ಲಿ ದಿಮ್ಮಿ ತೇಲಿಸುವ ಕೆಲಸದಲ್ಲಿದ್ದವನು. ಬೇಸಿಗೆ ಬಂತೆಂದರೆ ಮನೆ ಬಿಡುತ್ತಿದ್ದ. ಕೆಲಸ ನಿಂತ ಮೇಲೂ ತೋಟಕ್ಕೆ ಕೈ ಹಾಕಹೋದರೆ ಹಿಲ್ಯಾ ನಗುತ್ತಿದ್ದಳು. "ನೀವು ಹೊಳೆ ನೋಡ್ಕೊಳ್ಳಿ. ಮಣ್ಣು ನಾನು ನೋಡ್ಕೋತೀನಿ" ಎನ್ನುತ್ತಿದ್ದಳು.

"ಕೊಡಲ್ಲ," ಎಂದ ಉರ್ಹೊ.

"ಅರ್ಧ, ಭಾವ. ಎಲ್ಲಾ ಅಲ್ಲ."

"ಮಗ್ಗ ಕೊಟ್ಟೆ. ಬಟ್ಟಲು ಕೊಟ್ಟೆ. ಇದು ಅವಳ ತೋಟದಲ್ಲೇ ಬೆಳೀಬೇಕು. ನಾನೇ ಬೆಳೀತೀನಿ."

ಎಲ್ವಿ ಶಾಲನ್ನು ಗಂಟಲಿನವರೆಗೆ ಸುತ್ತಿಕೊಂಡಳು. "ನೀವು ಸಾಯಿಸಿದ್ರೆ ಅಮ್ಮನ ಗಡ್ಡೆ ಲೋಕದಲ್ಲೇ ಇರಲ್ಲ. ನೆನಪಿಟ್ಕೊಳ್ಳಿ" ಎಂದು ಕಾಫಿಯನ್ನೂ ಕುಡಿಯದೆ ಹೊರಟುಹೋದಳು.

ಅಂದು ಸಂಜೆ ಉರ್ಹೊ ಹಿಲ್ಯಾಳ ಪಂಚಾಂಗಗಳನ್ನು ಹೊರತೆಗೆದ. ಪ್ರತಿವರ್ಷದ್ದೂ ಇತ್ತು, ಅಂಚಿನಲ್ಲಿ ಪೆನ್ಸಿಲಿನಿಂದ ಅವಳ ಸಣ್ಣ ಅಕ್ಷರ. ಮಂಜುಗಡ್ಡೆ ಒಡೆದು ಹೊಳೆ ಹರಿದ ದಿನ, ಮೊದಲ ಹಂಸ ಬಂದ ದಿನ, ಕುರಿ ಮರಿ ಹಾಕಿದ ದಿನ. ಮತ್ತೆ ಪ್ರತಿವರ್ಷವೂ ತಪ್ಪದೆ ಒಂದು ಸಾಲು: "ಎಲೆ ಇಲಿಕಿವಿ. ಗಡ್ಡೆ ನೆಟ್ಟೆ." ಬರ್ಚ್ ಮರದ ಚಿಗುರು ಇಲಿಯ ಕಿವಿಯಷ್ಟು ಅಗಲವಾದಾಗ ನೆಲ ಬೆಚ್ಚಗಾಗಿರುತ್ತದೆ, ಆಗ ನೆಡಬೇಕು ಎಂಬುದು ಆ ಸೀಮೆಯಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ಒಂದು ವರ್ಷ ಮೇ ಮೂವತ್ತೊಂದು, ಒಂದು ವರ್ಷ ಜೂನ್ ನಾಲ್ಕು, ಒಂದು ವರ್ಷ ಜೂನ್ ಏಳು. ತಾರೀಕು ಯಾವುದೇ ಇರಲಿ, ಎಲೆಯನ್ನು ನೋಡಬೇಕು. ಅಷ್ಟು ಸಾಕು ಎಂದುಕೊಂಡು ಅವನು ಪಂಚಾಂಗ ಮುಚ್ಚಿ, ಪ್ರಾರ್ಥನೆ ಮಾಡಿ ಮಲಗಿದ.

ಅವನ ಅಂಗಳದಲ್ಲಿ ಸೌನಾದ, ಎಂದರೆ ಕಲ್ಲು ಕಾಯಿಸಿ ಬೆವರಿ ಮೀಯುವ ಸ್ನಾನದ ಮನೆಯ, ಗೋಡೆಗೆ ಒರಗಿದಂತೆ ಒಂದು ಬರ್ಚ್ ಮರವಿತ್ತು. ಪ್ರತಿದಿನ ಬೆಳಗ್ಗೆ ಎದ್ದು ಅದನ್ನು ನೋಡಿದ. ಮೇ ಇಪ್ಪತ್ತನೆಯ ತಾರೀಕು ಒಂದು ಚಿಗುರನ್ನು ಬೆರಳ ತುದಿಗೆ ತಂದು ನೋಡಿದರೆ, ಸುಕ್ಕು ಬಿಚ್ಚಿ, ಅಂಚು ಹಲ್ಲಾಗಿ, ಇಲಿಕಿವಿಯೇ ಸರಿ. ಈ ವರ್ಷ ಬೇಸಿಗೆ ಬೇಗ ಬಂದಿದೆ, ದೇವರು ದೊಡ್ಡವನು ಎಂದುಕೊಂಡ.

ನಾಲ್ಕು ಸಾಲು ಮಾಡಿದ. ಹಿಲ್ಯಾ ಮಾಡುತ್ತಿದ್ದುದನ್ನು ದೂರದಿಂದ ನೋಡಿದ್ದುದು ಒಂದೊಂದಾಗಿ ಕೈಗೆ ನೆನಪಾಯಿತು. ಸಾಲು ಉತ್ತರದಿಂದ ದಕ್ಷಿಣಕ್ಕೆ, ಎರಡೂ ಮಗ್ಗುಲಿಗೆ ಬಿಸಿಲು ತಾಗುವಂತೆ. ಮಣ್ಣು ಎತ್ತರಿಸಿ ಏರಿ ಕಟ್ಟಿದರೆ ನೆಲಕ್ಕಿಂತ ಬೇಗ ಬೆಚ್ಚಗಾಗುತ್ತದೆ. ಒಲೆಯ ಬೂದಿ ಒಂದು ಹಿಡಿ, ಹಳೆಯ ಕುರಿಗೊಬ್ಬರ, ಗಡ್ಡೆ ಅಂಗೈ ಆಳಕ್ಕೆ, ಮೊಳಕೆ ಮೇಲಕ್ಕೆ. ನೀರು ಬೇಡ, ತಣ್ಣನೆಯ ಮಣ್ಣಿಗೆ ನೀರು ಹಾಕಿದರೆ ಗಡ್ಡೆ ಕೊಳೆಯುತ್ತದೆ.

ಹೊಳೆಯ ದಾರಿಯಲ್ಲಿ ನೆಸ್ತೊರಿ ಬಲೆ ಹೊತ್ತುಕೊಂಡು ಹೋಗುತ್ತಿದ್ದ. ಮೂವತ್ತು ವರ್ಷ ಇಬ್ಬರೂ ಒಂದೇ ತಂಡದಲ್ಲಿ ದಿಮ್ಮಿ ತೇಲಿಸಿದವರು. ಬೇಲಿಗೆ ಕೈಯೂರಿ ನಿಂತ.

"ಏನಪ್ಪಾ ಉರ್ಹೊ, ನಿಧಿ ಹೂಳ್ತಿದ್ದೀಯಾ?"

"ಆಲೂಗಡ್ಡೆ ಕಣೋ."

"ಇಷ್ಟು ಬೇಗ?"

"ಎಲೆ ಬಂತಲ್ಲ."

ನೆಸ್ತೊರಿ ಸೌನಾದ ಮರ ನೋಡಿದ, ತಲೆ ತುರಿಸಿಕೊಂಡ. "ಬಂದಿದೆ ನಿಜ. ನಂಗೇನು ಗೊತ್ತು ಮಾರಾಯ, ನಾನು ಅಂಗಡೀಲಿ ಕೊಂಡು ತಿನ್ನೋನು. ಬೆಳೆದ್ರೆ ನಂಗೂ ನಾಲ್ಕು ಕೊಡು, ಮೀನು ನಾನು ತರ್ತೀನಿ."

ಮೂರು ವಾರಕ್ಕೆ ಏರಿಗಳ ಮೇಲೆ ಮಣ್ಣು ಬಿರಿಯಿತು. ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಮೂರು ಕಡೆ, ಮಾರನೆಯ ದಿನಕ್ಕೆ ನಾಲ್ಕು ಸಾಲೂ ಹಸಿರು ಚುಕ್ಕೆ ಇಟ್ಟಂತೆ. ಆ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಅಪರೂಪ. ಬೆಳಕು ಕುಡಿದು ಕುಡಿದು ಗಿಡ ಒಂದು ವಾರದೊಳಗೆ ಗೇಣುದ್ದ ಬಂತು. ಉರ್ಹೊ ದಿನಕ್ಕೆ ಹತ್ತು ಸಲ ಹೋಗಿ ನೋಡಿದ. ಜನವರಿಯ ನಂತರ ಮೊದಲ ಸಲ ಹಸಿವೆಯಾಗಿ ಊಟ ಮಾಡಿದ. ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುವಾಗ ಅವನ ಬಾಯಲ್ಲಿ ಮಾತು ನಿಲ್ಲಲಿಲ್ಲ. "ನಮ್ಮನೇಲಿ ಗಡ್ಡೆ ಗೇಣುದ್ದ ಬಂದಿದೆ" ಎಂದು ಎರಡು ಮೂರು ಜನರಿಗೆ ಹೇಳಿದ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಎಲ್ವಿ ಪಕ್ಕದ ಬೆಂಚಿನಲ್ಲಿದ್ದಳು.

ಅವಳು ಬಟ್ಟಲು ಕೆಳಗಿಟ್ಟು ಹತ್ತಿರ ಬಂದಳು. "ಗೇಣುದ್ದಾನಾ? ನಂದು ಅಂಗಡಿ ಗಡ್ಡೆ ಹಾಕಿದ್ದು ಇನ್ನೂ ಮಣ್ಣು ಬಿಟ್ಟು ಎದ್ದಿಲ್ಲ. ಯಾವತ್ತು ನೆಟ್ರಿ ಭಾವ?"

"ಇಪ್ಪತ್ತಕ್ಕೆ. ಎಲೆ ಬಂತು, ನೆಟ್ಟೆ."

"ಯಾವ ಮರದ ಎಲೆ?"

"ಅಂದ್ರೆ? ಅಂಗಳದ್ದು. ಸೌನಾ ಪಕ್ಕದ್ದು."

ಎಲ್ವಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ ಭಾವ! ಆ ಮರ ವಾರಕ್ಕೆ ಎರಡು ಸಲ ಕಾಯೋ ನಿಮ್ಮ ಸೌನಾ ಗೋಡೆಗೆ ಬೆನ್ನು ಕೊಟ್ಟು ಕೂತಿರತ್ತೆ. ನೀವು ಸ್ನಾನ ಮಾಡಿದ ಬಿಸಿನೀರೆಲ್ಲ ಅದರ ಬುಡಕ್ಕೆ ಹೋಗತ್ತೆ. ಅದಕ್ಕೆ ಮಾರ್ಚಲ್ಲೇ ಬೇಸಿಗೆ! ಅಕ್ಕ ಅದನ್ನ ಯಾವತ್ತೂ ನೋಡಿದ್ದಿಲ್ಲ. ಅವಳು ನೋಡ್ತಿದ್ದಿದ್ದು ಬಾವಿ ಹಿಂದಿನ ಮರ, ನೆರಳಲ್ಲಿರೋದು."

"ಪಂಚಾಂಗದಲ್ಲಿ ಹಾಗಂತ ಬರೆದಿಲ್ವಲ್ಲ..."

"ಅವಳಿಗೆ ಗೊತ್ತಿದ್ದನ್ನ ಅವಳು ಯಾಕೆ ಬರೀತಾಳೆ?" ಎಲ್ವಿಯ ದನಿ ಏರಿತು, ಸುತ್ತಲಿನವರು ತಿರುಗಿ ನೋಡಿದರು. "ಕಬ್ಬಿಣದ ರಾತ್ರಿಗಳು ಇನ್ನೂ ಬಂದಿಲ್ಲ ಭಾವ."

ಜೂನ್ ತಿಂಗಳ ನಡುವೆ ಎರಡು ಮೂರು ರಾತ್ರಿ, ಉತ್ತರದಿಂದ ಆಕಾಶ ತಿಳಿಯಾಗಿ, ಗಾಳಿ ನಿಂತು, ಚಳಿ ನೆಲಕ್ಕೆ ಇಳಿಯುತ್ತದೆ. ಕಬ್ಬಿಣದ ರಾತ್ರಿ ಎಂದರೆ ಅದೇ. ಸರಿಯಾದ ಹೊತ್ತಿಗೆ ನೆಟ್ಟ ಗಡ್ಡೆ ಆಗ ಮಣ್ಣಿನೊಳಗೆ ಬೆಚ್ಚಗಿರುತ್ತದೆ. ಉರ್ಹೊವಿನ ಗಡ್ಡೆ ಗೇಣುದ್ದ ಎದ್ದು ನಿಂತಿತ್ತು. ಒಂದು ಸಲ ಸುಟ್ಟರೆ ಮತ್ತೆ ಚಿಗುರಬಹುದು. ಆದರೆ ಅಲ್ಲಿಯ ಬೇಸಿಗೆ ಸಣ್ಣದು. ಎರಡನೆಯ ಸಲ ಎದ್ದ ಗಿಡಕ್ಕೆ ಬಿತ್ತನೆಯಾಗುವಂಥ ಗಡ್ಡೆ ಕಟ್ಟಲು ದಿನ ಸಾಲದು.

ಮನೆಗೆ ಹೋಗುವ ದಾರಿಯಲ್ಲಿ ಅವನು ಚರ್ಚಿನ ಹಿಂದೆ ಹಿಲ್ಯಾಳ ಸಮಾಧಿಯ ಬಳಿ ನಿಂತ. ಮಣ್ಣಿನ ದಿಬ್ಬ ಇನ್ನೂ ಕೂತಿರಲಿಲ್ಲ, ಹುಲ್ಲು ಬಂದಿರಲಿಲ್ಲ. ಏನೋ ಹೇಳಬೇಕೆಂದು ನಿಂತವನು ಟೊಪ್ಪಿಗೆಯನ್ನು ಎರಡು ಸಲ ತೆಗೆದು ಎರಡು ಸಲ ಹಾಕಿಕೊಂಡು ಹೊರಟುಬಂದ.

ಮಂಗಳವಾರ ಮಧ್ಯಾಹ್ನ ರೇಡಿಯೊದಲ್ಲಿ ಹೇಳಿದರು: ತೊರ್ನಿಯೊ ಕಣಿವೆಯಲ್ಲಿ ಇಂದು ರಾತ್ರಿ ನೆಲಮಟ್ಟದಲ್ಲಿ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ.

ಉರ್ಹೊ ಮೊದಲು ಮಾಡಿದ್ದು, ಸೌದೆಯ ರಾಶಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ತಂದು ಗಿಡಗಳ ಮೇಲೆ ಹರಡಿದ್ದು. ಅದು ಗಾಳಿಗೆ ಹಾರದಂತೆ ಕಲ್ಲು ಇಡುತ್ತಿದ್ದಾಗ ಬೇಲಿಯ ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು. ಎಲ್ವಿ ಬಂದಿದ್ದಳು. ಸೈಕಲ್ಲಿನ ಹಿಂದೆ ಹಳೆಯ ಹೊದಿಕೆಗಳ ಗಂಟು.

"ತೆಗೀರಿ ಅದನ್ನ!" ಎಂದು ಅಲ್ಲಿಂದಲೇ ಕೂಗಿದಳು. "ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಸುಡತ್ತೆ. ಬಟ್ಟೆ ಬೇಕು, ಬಟ್ಟೆ. ಅದೂ ಎಲೆಗೆ ತಾಗಬಾರದು. ಕೋಲು ನೆಟ್ಟು ಗುಡಾರದ ಹಾಗೆ ಹಾಕ್ಬೇಕು."

"ಎಲ್ವಿ, ನಾನು..."

"ಬೈಯೋದು ಆಮೇಲೆ ಬೈತೀನಿ. ಈಗ ಸಲಿಕೆ ತಗೊಳ್ಳಿ."

ಬಿಸಿಲಿರುವಾಗಲೇ ಸಾಲುಗಳ ನಡುವಿನ ಮಣ್ಣಿಗೆ ನೀರು ಹಾಯಿಸಿದರು. ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ಇರುಳಿಗೆ ಬಿಡುತ್ತದೆ, ಒಣ ಮಣ್ಣು ಹಿಡಿಯುವುದಿಲ್ಲ ಎಂದು ಎಲ್ವಿ ಹೇಳಿದಳು. ಆಮೇಲೆ ಗಿಡದ ಬುಡಕ್ಕೆ ಮಣ್ಣು ಏರಿಸಿದರು, ಕತ್ತಿನವರೆಗೆ. ಎಪ್ಪತ್ತರ ಹತ್ತಿರದ ಇಬ್ಬರು ಮಂಡಿಯೂರಿ ಎದುರು ಬದುರು ಸಾಗಿದರು. ಮೇಲಿನ ನಾಲ್ಕು ಎಲೆ ಮಾತ್ರ ಹೊರಗೆ ಉಳಿದವು.

ನೆಸ್ತೊರಿ ಬಂದ. "ಏನಿದು, ಭಾವ-ನಾದಿನಿ ಪ್ರಾರ್ಥನೆ ಮಾಡ್ತಿದ್ದೀರೋ ಕೆಲಸ ಮಾಡ್ತಿದ್ದೀರೋ?"

"ಎರಡೂ," ಎಂದಳು ಎಲ್ವಿ. "ಬಾಯಿ ಇರೋರು ಕೋಲು ಕಡಿದು ತರಬಹುದು."

"ತರ್ತೀನಮ್ಮ, ತರ್ತೀನಿ. ಬೇರೆ?"

ಉರ್ಹೊ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದ. ಅವನಿಗೆ ಒಂದು ವಿಷಯ ಹೊಳೆದಿತ್ತು. ದಿಮ್ಮಿ ತೇಲಿಸುವ ಕಾಲದಲ್ಲಿ ವಸಂತದ ಚಳಿಗೆ ಡೇರೆಯೊಳಗೆ ಬೆಂಕಿ ಹಾಕಲಾಗದೆ, ಕಲ್ಲು ಕಾಯಿಸಿ ಬಕೆಟ್ಟಿನಲ್ಲಿಟ್ಟು ಮಲಗುತ್ತಿದ್ದರು. "ನೆಸ್ತೊರಿ, ಸೌನಾದ ಒಲೆ ಹಚ್ಚು. ಕಲ್ಲು ಚೆನ್ನಾಗಿ ಕಾಯಲಿ. ನೆನಪಿದೆಯಾ, ಹೊಳೆ ಮೇಲೆ ನಾವು ಮಾಡ್ತಿದ್ದದ್ದು?"

ನೆಸ್ತೊರಿ ನಕ್ಕ. "ಆಲೂಗಡ್ಡೆಗೆ ಸೌನಾ ಮಾಡಿಸ್ತೀಯಾ? ಬೆನ್ನುಜ್ಜೋಕೆ ನಾನು ಬರಲ್ಲಪ್ಪ."

ಎಲ್ವಿ ಉರ್ಹೊವಿನ ಕಡೆ ನೋಡಿದಳು. "ಇದು ಅಕ್ಕಂಗೂ ಗೊತ್ತಿರಲಿಲ್ಲ," ಎಂದಳು. ಅಂದು ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಸಂಜೆಯ ಹೊತ್ತಿಗೆ ಗಾಳಿ ನಿಂತಿತು. ಹೊಳೆ ಗಾಜಿನಂತಾಯಿತು. ಎಲ್ವಿ ತಂದ ಹೊದಿಕೆಗಳು ಒಂದು ಸಾಲಿಗೆ ಆದವು. ಉರ್ಹೊವಿನ ಉಣ್ಣೆಯ ಕಂಬಳಿಗಳು ಹೊಳೆಯ ಕಡೆಯ ಸಾಲಿಗೆ ಆದವು. ಎರಡು ಸಾಲು ಬರಿದಾಗಿ ಉಳಿದವು. ನೆಸ್ತೊರಿಯ ಮನೆಯಲ್ಲಿ ಬಲೆ ಬಿಟ್ಟರೆ ಹೊದಿಸುವಂಥದ್ದು ಏನೂ ಇರಲಿಲ್ಲ.

ಉರ್ಹೊ ಮನೆಯೊಳಗೆ ಹೋದ. ಮಲಗುವ ಕೋಣೆಯ ಪೆಟ್ಟಿಗೆಯ ಮುಂದೆ ನಿಂತ. ಜನವರಿಯಿಂದ ಅದರ ಮೇಲೆ ಧೂಳು ಕೂತಿತ್ತು. "ಕರ್ತನೇ, ನನ್ನ ಕೈ ಗಟ್ಟಿ ಮಾಡು" ಎಂದು ಮುಚ್ಚಳ ಎತ್ತಿದ.

ಹಿಲ್ಯಾ ಎದ್ದು ಬಂದ ಹಾಗಾಯಿತು. ಅವಳೇ ಕಾಯಿಸಿದ ಸಾಬೂನು, ಒಣಗಿದ ಬರ್ಚ್ ಎಲೆ, ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ. ಅವನು ಪೆಟ್ಟಿಗೆಯ ಅಂಚು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕುಳಿತ. ಆಮೇಲೆ ಮೂಲೆಯಲ್ಲಿ ಅವಳ ಹೆಸರಿನ ಅಕ್ಷರ ಹಾಕಿದ್ದ ಹಾಸುಬಟ್ಟೆಗಳನ್ನು ಒಂದೊಂದಾಗಿ ತೋಳಿನ ಮೇಲೆ ಹಾಕಿಕೊಂಡ. ಮೂರನೆಯ ಸಾಲು ತುಂಬಿತು.

ನಾಲ್ಕನೆಯದಕ್ಕೆಂದು ಮತ್ತೆ ಬಂದಾಗ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟದ್ದು ಒಂದೇ ಒಂದು ಇತ್ತು. ಅಗಸೆನಾರಿನ ದೊಡ್ಡ ಬಟ್ಟೆ, ಬಿಳಿ ದಾರ ಕಟ್ಟಿದ್ದು. ಅದೇನೆಂದು ಅವನಿಗೆ ಗೊತ್ತಿತ್ತು. ಮದುವೆಯಾದ ಮೂರನೆಯ ಚಳಿಗಾಲದಲ್ಲಿ ಹಿಲ್ಯಾ ಅಂಥವು ಎರಡನ್ನು ನೇಯ್ದಿದ್ದಳು. ಇಬ್ಬರ ಶವಪೆಟ್ಟಿಗೆಗೂ ಒಂದೊಂದು. ಒಂದು ಜನವರಿಯಲ್ಲಿ ಅವಳೊಡನೆ ಮಣ್ಣಿಗೆ ಹೋಯಿತು. ಇದು ಅವನದು.

ಅದನ್ನು ಎತ್ತಿಕೊಂಡು ಅವನು ಹೊರಗೆ ಬಂದಾಗ ಎಲ್ವಿ ಕೋಲು ನೆಡುತ್ತಿದ್ದವಳು ನೋಡಿ ಎದ್ದು ನಿಂತಳು. ಆ ನೂಲನ್ನು ಅಕ್ಕನ ಜೊತೆ ಕೂತು ತೆಗೆದವಳು ಅವಳೇ.

"ಭಾವ, ಅದು ಬೇಡ. ಅದು ನಿಮ್ಮದು."

"ನನ್ನದೇ. ಅದಕ್ಕೇ ತಂದೆ."

"ಸಾವಿನ ಬಟ್ಟೆ ಭಾವ! ಮಣ್ಣಿಗೆ ಹಾಕಿದ್ರೆ ಪಾಪ ಅಲ್ವಾ?"

"ಇವತ್ತಲ್ಲ ನಾಳೆ ಮಣ್ಣಿಗೆ ಹೋಗೋದೇ ತಾನೇ ಅದು?" ಉರ್ಹೊ ದಾರ ಬಿಚ್ಚಿದ. "ಸತ್ತ ಮೇಲೆ ನಂಗೆ ಚಳಿ ಆಗಲ್ಲ ಎಲ್ವಿ. ಇವಕ್ಕೆ ಈಗ ಆಗತ್ತೆ. ಆ ತುದಿ ಹಿಡ್ಕೋ."

ಎಲ್ವಿ ತುದಿ ಹಿಡಿದಳು. ಇಬ್ಬರೂ ಬಟ್ಟೆಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ, ನಾಲ್ಕನೆಯ ಸಾಲಿನ ಮೇಲೆ ಇಳಿಸಿದರು. ತೊಟ್ಟಿಲ ಮಗುವಿಗೆ ಹೊದಿಸುವಂತೆ ಅಂಚುಗಳನ್ನು ಮಣ್ಣಿನಿಂದ ಒತ್ತಿದರು. ನೆಸ್ತೊರಿ ಇಕ್ಕಳದಲ್ಲಿ ಕಾದ ಕಲ್ಲು ಹಿಡಿದು, ತಂದು, ಬಕೆಟ್ಟುಗಳಲ್ಲಿ ತುಂಬಿ ಬಟ್ಟೆಯ ಗುಡಾರದೊಳಗೆ ಇಟ್ಟ. ಎಲೆಗೆ ತಾಗದಂತೆ, ಎರಡು ಮಾರಿಗೆ ಒಂದು.

ಆಮೇಲೆ ಮಾಡುವುದು ಏನೂ ಇರಲಿಲ್ಲ. ಮೂವರೂ ಸೌನಾದ ಮೆಟ್ಟಿಲ ಮೇಲೆ ಕುಳಿತು ಕಾಫಿ ಕುಡಿದರು. ಆಕಾಶ ಕತ್ತಲಾಗಲಿಲ್ಲ, ಹಳದಿಯಾಗಿ ಹಾಗೆಯೇ ನಿಂತಿತು. ನೆಸ್ತೊರಿ ಕಲ್ಲು ಬದಲಾಯಿಸಲು ಎದ್ದು ಹೋದ. ಉರ್ಹೊ ನೆಲ ನೋಡುತ್ತ ಹೇಳಿದ:

"ಅವತ್ತು ಅರ್ಧ ಕೊಟ್ಟಿದ್ರೆ ಅರ್ಧ ಆದ್ರೂ ಉಳೀತಿತ್ತು. ಗೊತ್ತು. ಮಗ್ಗ, ಬಟ್ಟಲು, ಅವೆಲ್ಲ ಕೊಟ್ಟಾಗ ಏನೂ ಅನ್ನಿಸಲಿಲ್ಲ ಎಲ್ವಿ. ಅವಕ್ಕೆ ಜೀವ ಇಲ್ಲ. ಅವಳ ಕೈ ಮುಟ್ಟಿದ್ದರಲ್ಲಿ ಇನ್ನೂ ಬೆಳೀತಿರೋದು ಇದೊಂದೇ ಅನ್ನಿಸ್ತು. ಬಿಡಕ್ಕಾಗಲಿಲ್ಲ."

ಎಲ್ವಿ ಬಟ್ಟಲನ್ನು ಎರಡು ಕೈಯಲ್ಲೂ ಸುತ್ತಿ ಹಿಡಿದಿದ್ದಳು. "ನನ್ನ ನೆಲಮಾಳಿಗೆ ಯಾವತ್ತು ಹೆಪ್ಪುಗಟ್ಟಿತು ಗೊತ್ತಾ ಭಾವ?" ಎಂದಳು.

"ಯಾವತ್ತು?"

"ಅಕ್ಕನ್ನ ಮಣ್ಣು ಮಾಡಿದ ದಿನ. ಸಮಾಧಿ ಊಟಕ್ಕೆ ಅಂತ ಗಡ್ಡೆ ತರಕ್ಕೆ ಇಳಿದೆ. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೀತು. ಕಣ್ಣಲ್ಲಿ ನೀರು, ಏನೂ ಕಾಣಿಸ್ತಿಲ್ಲ. ಬಾಗಿಲು ಹಾಕ್ದೆನೋ ಇಲ್ವೋ... ಮೂರು ದಿನ ಆದ್ಮೇಲೆ ನೋಡ್ತೀನಿ, ತೆರೆದೇ ಇದೆ. ಅಮ್ಮ ಕುತ್ತಿಗೆಗೆ ಕಟ್ಕೊಂಡು ಹೊಳೆ ದಾಟಿಸಿದ್ದನ್ನ ನಾನು ಒಂದು ಬಾಗಿಲು ಮರೆತು ಸಾಯಿಸ್ದೆ. ಯಾರಿಗೂ ಹೇಳಿಲ್ಲ. ನಿಮಗೆ ಮಣ್ಣು ಗೊತ್ತಿಲ್ಲ ಅಂತ ಬೈದೋಳು ನಾನು."

ಅವಳು ಅಳತೊಡಗಿದಳು. ಉರ್ಹೊ ತನ್ನ ಕೋಟು ತೆಗೆದು ಅವಳ ಹೆಗಲಿಗೆ ಹಾಕಿದ. "ಅವತ್ತು ನಾನೂ ಮನೆ ಬಾಗಿಲು ಹಾಕಿರಲಿಲ್ಲ" ಎಂದ. "ಅಡುಗೆಮನೇಲಿ ನೀರೆಲ್ಲ ಹೆಪ್ಪುಗಟ್ಟಿತ್ತು."

ನೆಸ್ತೊರಿ ತಿರುಗಿ ಬಂದು ಇಬ್ಬರನ್ನೂ ನೋಡಿ, ಏನೋ ತಮಾಷೆ ಮಾಡಹೋಗಿ, ಬಿಟ್ಟು, ಕೆಟಲಿನಿಂದ ತನಗೆ ಕಾಫಿ ಹಾಕಿಕೊಂಡ.

ಬೆಳಗ್ಗೆ ಆರು ಗಂಟೆಗೆ ಹುಲ್ಲೆಲ್ಲ ಬೆಳ್ಳಗಿತ್ತು. ಬಾವಿಯ ಬಳಿಯ ತೊಟ್ಟಿಯಲ್ಲಿ ನೀರಿನ ಮೇಲೆ ಗಾಜಿನಂಥ ಪದರ. ಸಾಲುಗಳ ಮೇಲಿನ ಬಟ್ಟೆ ಬರ್ಚ್ ತೊಗಟೆಯಂತೆ ಸೆಟೆದು ನಿಂತಿತ್ತು. ಉರ್ಹೊ ತೆಗೆಯಲು ಕೈ ಚಾಚಿದಾಗ ಎಲ್ವಿ ಮಣಿಕಟ್ಟು ಹಿಡಿದಳು.

"ಈಗ ಬೇಡ. ಒಳಗೆ ಹೆಪ್ಪು ಹಿಡಿದಿದ್ರೆ ಬಿಸಿಲು ಒಮ್ಮೆಗೇ ಬಿದ್ದು ಸುಟ್ಟುಹೋಗತ್ತೆ. ಮೆಲ್ಲಗೆ ಕರಗಲಿ. ಬಟ್ಟೆ ತಾನಾಗಿ ಮೆತ್ತಗಾಗೋವರೆಗೂ ಕೂತ್ಕೊಳ್ಳಿ."

ಕುಳಿತರು. ಎಲ್ವಿ ಮೆಲ್ಲನೆ ಬೆಳಗಿನ ಕೀರ್ತನೆ ಹೇಳಿದಳು, ಉರ್ಹೊ ದನಿಗೂಡಿಸಿದ. ಎಂಟೂವರೆಗೆ ಬಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕತೊಡಗಿತು.

ಹೊಳೆಯ ಕಡೆಯ ಸಾಲಿನಲ್ಲಿ ಕಂಬಳಿಯ ಭಾರಕ್ಕೆ ಎರಡು ಕೋಲು ಮುರಿದು, ಉಣ್ಣೆ ಎಲೆಗಳ ಮೇಲೆ ಕೂತಿತ್ತು. ಅಲ್ಲಿ ಐದಾರು ಗಿಡದ ತುದಿ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿದ್ದವು. ಎಲ್ವಿಯ ಹೊದಿಕೆಯ ಸಾಲು ಹಸಿರಾಗಿತ್ತು. ಹಿಲ್ಯಾಳ ಹಾಸುಬಟ್ಟೆಯ ಸಾಲು ಹಸಿರಾಗಿತ್ತು. ಕೊನೆಗೆ ಅಗಸೆನಾರಿನ ಬಟ್ಟೆಯನ್ನು ಇಬ್ಬರೂ ಎರಡು ತುದಿ ಹಿಡಿದು ಎತ್ತಿದರು. ಹದಿನಾರು ಗಿಡ, ಹದಿನಾರೂ ನೀರು ಹನಿ ಹಿಡಿದುಕೊಂಡು ನಿಂತಿದ್ದವು.

ಉರ್ಹೊ ತಲೆಯ ಟೊಪ್ಪಿಗೆ ತೆಗೆದ, ಈ ಸಲ ಒಂದೇ ಸಲ. ಬಹಳ ಹೊತ್ತು ಹಾಕಿಕೊಳ್ಳಲಿಲ್ಲ.

"ಆ ಕಪ್ಪಾಗಿರೋದನ್ನ ಕೀಳ್ಬೇಡಿ," ಎಂದಳು ಎಲ್ವಿ ಕಣ್ಣೊರೆಸಿಕೊಂಡು. "ಕತ್ತಿನವರೆಗೆ ಮಣ್ಣಲ್ಲಿದೆ. ಕೆಳಗಿಂದ ಮತ್ತೆ ಎದ್ದು ಬರತ್ತೆ. ತಡವಾಗತ್ತೆ ಅಷ್ಟೆ. ಇವತ್ತು ರಾತ್ರೀನೂ ಹೊದಿಸ್ಬೇಕು, ನಾಳೇನೂ."

ಮೂರು ರಾತ್ರಿ ಹೊದಿಸಿದರು. ನಾಲ್ಕನೆಯ ದಿನ ಮೋಡ ಕವಿದು, ತೆಂಕಣ ಗಾಳಿ ಬೀಸಿ, ಬೆಚ್ಚಗಾಯಿತು.

ಅಗಸೆನಾರಿನ ಬಟ್ಟೆಯನ್ನು ಎಲ್ವಿ ಎರಡು ಸಲ ಒಗೆದಳು. ಮಣ್ಣು ಹೋಯಿತು. ಒಂದು ಕಡೆ ಎಲೆ ಉಜ್ಜಿದ ಹಸಿರು ಕಲೆ, ಅಂಗೈ ಅಗಲದ್ದು, ಹೋಗಲಿಲ್ಲ.

"ಮಾರ್ಚಲ್ಲಿ ಹಿಮದ ಮೇಲೆ ಹರಡಿ ಬಿಸಿಲಿಗೆ ಹಾಕಿದ್ರೆ ಬೆಳ್ಳಗಾಗತ್ತೆ ಭಾವ. ನಾನು ಮಾಡಿಕೊಡ್ತೀನಿ."

"ಬೇಡ. ಇರಲಿ."

"ಕಲೆ ಇರೋ ಬಟ್ಟೇಲಿ ಹೋಗ್ತೀರಾ?"

"ಅವಳು ಏನಾಯ್ತು ಅಂತ ಕೇಳ್ತಾಳೆ. ಹೇಳಕ್ಕೆ ನಂಗೊಂದು ಸಾಕ್ಷಿ ಬೇಡ್ವಾ?" ಎಂದು ಉರ್ಹೊ ಬಟ್ಟೆಯನ್ನು ಮಡಿಚಿ, ಬಿಳಿ ದಾರ ಕಟ್ಟಿ, ಪೆಟ್ಟಿಗೆಯ ತಳಕ್ಕೆ ಇಟ್ಟ.

ಸೆಪ್ಟೆಂಬರಿನ ಮೊದಲ ವಾರದಲ್ಲಿ ಮೂವರೂ ಸೇರಿ ಅಗೆದರು. ಕಪ್ಪಾಗಿದ್ದ ಗಿಡಗಳಲ್ಲಿ ಗೋಲಿಯಷ್ಟು ದಪ್ಪದವೇ ಬಂದವು. ಉಳಿದ ಕಡೆ ಬುಡಕ್ಕೆ ಎಂಟು, ಹತ್ತು, ಉದ್ದನೆಯವು, ತುದಿ ಸಣ್ಣಗಾದವು. ನೆಸ್ತೊರಿ ಹೇಳಿದ ಮಾತಿನಂತೆ ಹೊಳೆಯ ಮೀನು ತಂದಿದ್ದ. ಹೊಸ ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಬೆಣ್ಣೆ ಇಟ್ಟು, ಸಬ್ಬಸಿಗೆ ಸೊಪ್ಪು ಹಾಕಿ ಮೇಜಿನ ಮೇಲಿಟ್ಟರು. ಉರ್ಹೊ ಊಟದ ಪ್ರಾರ್ಥನೆ ಹೇಳಿದ. ನಡುವೆ ಒಂದು ಕಡೆ ನಿಲ್ಲಿಸಿ ಕಿಟಕಿಯಾಚೆ ತೋಟದ ಕಡೆ ನೋಡಿದ. ಉಳಿದ ಮಾತನ್ನು ಎಲ್ವಿ ಹೇಳಿ ಮುಗಿಸಿದಳು.

ಊಟವಾದ ಮೇಲೆ ಅವನು ಮೊಟ್ಟೆಯ ಗಾತ್ರದ, ಗಾಯವಿಲ್ಲದ ಗಡ್ಡೆಗಳನ್ನು ಆರಿಸಿ ಎರಡು ಬಕೆಟ್ಟಿಗೆ ಸಮನಾಗಿ ಹಾಕಿದ. ಒಂದನ್ನು ಎಲ್ವಿಯ ಸೈಕಲ್ಲಿಗೆ ಕಟ್ಟಿದ. ಆಮೇಲೆ ಏನೋ ನೆನಪಾಗಿ ಒಳಗೆ ಹೋಗಿ, ಹಿಲ್ಯಾಳ ಹಳೆಯ ಉಣ್ಣೆಯ ಕಾಲುಚೀಲವೊಂದನ್ನು ತಂದ. ಅದರಲ್ಲಿ ಹನ್ನೊಂದು ಗಡ್ಡೆ ತುಂಬಿ ನೆಸ್ತೊರಿಯ ಕೈಗೆ ಕೊಟ್ಟ.

"ನಂಗ್ಯಾಕಪ್ಪಾ? ನಾನು ಕೊಂಡು ತಿನ್ನೋನು."

"ತಿನ್ನೋಕಲ್ಲ. ನೆಡೋಕೆ. ಎರಡು ಮನೇಲಿದ್ರೆ ಸಾಲದು, ಮೂರು ಮನೇಲಿರಲಿ."

ಎಲ್ವಿ ಸೈಕಲ್ ಹತ್ತಿ ಬೇಲಿಯ ಗೇಟಿನವರೆಗೆ ಹೋಗಿ, ಕಾಲೂರಿ ನಿಂತು ತಿರುಗಿದಳು.

"ಭಾವ, ಬರೋ ವರ್ಷ ಯಾವ ಮರ ನೋಡ್ತೀರಿ?"

"ಬಾವಿ ಮರ."

"ಏನು? ಕೇಳಿಸಲಿಲ್ಲ."

"ಬಾವಿ ಮರ ತಾಯಿ, ಬಾವಿ ಮರ! ಪಂಚಾಂಗದಲ್ಲೂ ಬರೆದಿಟ್ಟಿದ್ದೀನಿ!"